ಕಾಳುಮೆಣಸಿನಿಂದ ಕಚ್ಚಾತೈಲದವರೆಗೆ: ಸಣ್ಣ ಕಂಪನಿಯ ಷೇರು ಕೊಂಡವರ ಕತೆ

ಇವತ್ತಿನ ಸಂಚಿಕೆ ತೈಲ ಹುಡುಕೋ ಸಣ್ಣ ಕಂಪನಿಗಳ ಷೇರಿನ ಬಗ್ಗೆ. ಶುರು ಮಾತ್ರ ಕಾಳುಮೆಣಸಿನಿಂದ. ಮಧ್ಯೆ ಒಂದೆರಡು ಸಲ ಅಡಿಕೆ ತೋಟಕ್ಕೂ ಹೋಗಿ ಬರೋಣ.

ಕೊಲ್ಲಿ ಕಡೆ ಕ್ಷಿಪಣಿ ಹಾರಿತು ಅಂತ ರಾತ್ರಿ ಸುದ್ದಿ ಬಂದ್ರೆ ಸಾಕು. ಬೆಳಿಗ್ಗೆ ಒಂಬತ್ತೂಕಾಲಿಗೆ ಷೇರುಪೇಟೆ ತೆರೆಯೋ ಮೊದಲೇ ಫೋನಿಗೆ ಟಿಪ್ ಬಂದು ಕೂತಿರುತ್ತೆ. 'ತೈಲದ ಬೆಲೆ ಏರ್ತಿದೆ. ದೊಡ್ಡ ಕಂಪನಿ ಬೇಡ, ತೈಲ ಹುಡುಕೋ ಸಣ್ಣ ಕಂಪನಿ ಹಿಡ್ಕೊ. ಮೂರು ಪಟ್ಟು ಗ್ಯಾರಂಟಿ.' ಬೆಂಗಳೂರಲ್ಲಿ ಕೆಲಸ ಮಾಡೋ ಶಿರಸಿ ಹುಡುಗನಿಗೂ ಬರುತ್ತೆ, ಯಲ್ಲಾಪುರದಲ್ಲಿ ಅಡಿಕೆ ಸುಲಿಯೋದರ ನಡುವೆ ಫೋನ್ ನೋಡೋ ಹುಡುಗಿಗೂ ಬರುತ್ತೆ. ಖಾತೆ ಫೋನಲ್ಲೇ ಇದೆ, ದುಡ್ಡು ಯುಪಿಐನಲ್ಲಿ ಇದೆ. ಯೋಚನೆ ಮಾಡೋಕೆ ಸಿಗೋದು ಕಾಫಿ ಆರುವಷ್ಟು ಹೊತ್ತು.

ಆ ಟಿಪ್‌ನಲ್ಲಿ ತರ್ಕವೇ ಇಲ್ಲ ಅಂತಲ್ಲ. ತೈಲದ ಬೆಲೆ ಏರಿದ್ರೆ ತೈಲ ತೆಗೆಯೋರಿಗೆ ಲಾಭ. ಸಣ್ಣ ಕಂಪನಿಗಾದ್ರೆ ಸಣ್ಣ ಲಾಭವೂ ದೊಡ್ಡದಾಗಿ ಕಾಣುತ್ತೆ. ಕೇಳೋಕೆ ಸರಿಯಾಗಿಯೇ ಇದೆ. ಇದು ಎಷ್ಟು ಸಲ ನಿಜ ಆಯ್ತು, ಎಷ್ಟು ಸಲ ಕೈಕೊಟ್ಟಿತು ಅನ್ನೋದಕ್ಕೆ ಸುಮಾರು 400 ವರ್ಷದ ಲೆಕ್ಕ ನಮ್ಮ ಹತ್ತಿರ ಇದೆ. ಆ ಲೆಕ್ಕದ ಒಂದು ಹಳೇ ಪುಟ ನಮ್ಮ ಘಟ್ಟದ ಮೇಲೆಯೇ ಇದೆ.

ಸೋಂದೆಯ ಮೆಣಸು, ಲಂಡನ್ನಿನ ದುಡ್ಡು

ಹದಿನಾರು, ಹದಿನೇಳನೇ ಶತಮಾನದಲ್ಲಿ ಜಗತ್ತಿನ ದುಡ್ಡು ಕಾಳುಮೆಣಸಿನ ಹಿಂದೆ ಓಡ್ತಿತ್ತು. ಶಿರಸಿ ಹತ್ತಿರದ ಸೋಂದೆ, ಸಿದ್ದಾಪುರದ ಬಿಳಗಿ, ಯಲ್ಲಾಪುರದ ಕಾಡಿನಂಚಿನ ತೋಟಗಳು, ಇವೆಲ್ಲ ಮೆಣಸಿನ ಸೀಮೆ. ಮೆಣಸು ಎತ್ತಿನ ಮೇಲೆ ಘಟ್ಟ ಇಳಿದು ಕಾರವಾರ, ಮಿರ್ಜಾನ, ಹೊನ್ನಾವರ, ಭಟ್ಕಳದ ಬಂದರು ಸೇರ್ತಿತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಗೆ ಪೋರ್ಚುಗೀಸರು 'ಮೆಣಸಿನ ರಾಣಿ' ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಇದೇ ಮಸಾಲೆ ವ್ಯಾಪಾರಕ್ಕಾಗಿ 1602ರಲ್ಲಿ ಡಚ್ಚರು ಈಸ್ಟ್ ಇಂಡಿಯಾ ಕಂಪನಿ ಕಟ್ಟಿದ್ರು. ಅದರ ಪಾಲನ್ನ ಸಾಮಾನ್ಯ ಜನರೂ ಕೊಳ್ಳಬಹುದಿತ್ತು, ಆಂಸ್ಟರ್‌ಡ್ಯಾಮ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ಮಾರಬಹುದಿತ್ತು. ಇವತ್ತು ನೀವು ಫೋನಲ್ಲಿ ಒತ್ತೋ 'ಬೈ' ಬಟನ್‌ನ ಮೂಲ ಹುಡುಕ್ತಾ ಹೋದ್ರೆ ಅಲ್ಲಿಗೇ ಮುಟ್ಟುತ್ತೀರಿ.

ಈಗ 1636ಕ್ಕೆ ಬನ್ನಿ. ಡಚ್ಚರ ಹಡಗುಗಳು ಗೋವಾ ಬಂದರಿನ ಬಾಯಿಗೆ ಅಡ್ಡ ನಿಂತವು. ವರ್ಷ ವರ್ಷವೂ ದಿಗ್ಬಂಧನ. ಪೋರ್ಚುಗೀಸರ ವ್ಯಾಪಾರ ನರಳೋಕೆ ಶುರುವಾಯ್ತು. ಇವತ್ತಿನ ಹೊರ್ಮುಜ್ ಜಲಸಂಧಿ ಸುದ್ದಿ ಓದೋರಿಗೆ ಇದು ಹೊಸದೇನೂ ಅನ್ನಿಸಲ್ಲ. ಸಮುದ್ರದ ದಾರಿ ಕಟ್ಟಿದ್ರೆ ಯಾರಿಗೋ ನಷ್ಟ, ಯಾರಿಗೋ ಅವಕಾಶ.

ಅವಕಾಶ ಅಂತ ಹೊರಟವರಲ್ಲಿ ಲಂಡನ್ನಿನ ವ್ಯಾಪಾರಿ ಸರ್ ವಿಲಿಯಂ ಕೋರ್ಟೀನ್ ಒಬ್ಬ. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಗೆ ಈ ಕಡೆಯ ವ್ಯಾಪಾರದ ಏಕಸ್ವಾಮ್ಯ ಇತ್ತು. ಆದ್ರೂ ರಾಜ ಮೊದಲನೇ ಚಾರ್ಲ್ಸ್ 1635ರಲ್ಲಿ ಕೋರ್ಟೀನ್ ಗುಂಪಿಗೆ ಅಪ್ಪಣೆ ಕೊಟ್ಟ. ಹಡಗುಗಳ ನಾಯಕ ಜಾನ್ ವೆಡ್ಡೆಲ್. ಜೊತೆಗೆ ಬಂದ ಪೀಟರ್ ಮಂಡಿ ಅನ್ನೋ ಪ್ರವಾಸಿ ಭಟ್ಕಳದಿಂದ ಘಟ್ಟ ಹತ್ತಿ ಇಕ್ಕೇರಿಗೂ ಹೋಗಿದ್ದ. ಸಿದ್ದಾಪುರದವರಿಗೆ ಇಕ್ಕೇರಿ ಪಕ್ಕದ ಊರೇ. 1638ರಲ್ಲಿ ಈ ಗುಂಪು ಕಾರವಾರದಲ್ಲಿ ವ್ಯಾಪಾರದ ಕೋಠಿ ತೆರೆಯಿತು. ಘಟ್ಟದ ಮೇಲಿನ ಮೆಣಸು ಕೊಂಡು ಸಾಗಿಸೋದು ಅದರ ಮುಖ್ಯ ಲೆಕ್ಕಾಚಾರ.

ಮೆಣಸು ಇತ್ತು. ಯುರೋಪಿನಲ್ಲಿ ಗಿರಾಕಿ ಇದ್ರು. ಎದುರಾಳಿಗಳು ಜಗಳದಲ್ಲಿ ಮುಳುಗಿದ್ರು. ಕಾಗದದ ಮೇಲೆ ಎಲ್ಲವೂ ಸರಿ. ಆದ್ರೆ ಕೋರ್ಟೀನ್ ಸಾಲ ಬಿಟ್ಟು 1636ರಲ್ಲೇ ತೀರಿಕೊಂಡಿದ್ದ. ವೆಡ್ಡೆಲ್ ವಾಪಸ್ ಹೋಗ್ತಾ ಹಡಗಿನ ಸಮೇತ ಸಮುದ್ರದಲ್ಲಿ ಕಾಣೆಯಾದ. ಕಳೆದುಹೋದ ಹಡಗಿನ ಜಾಗಕ್ಕೆ ಇನ್ನೊಂದು ಕಳಿಸೋಕೆ ಕೈಯಲ್ಲಿ ದುಡ್ಡಿರಲಿಲ್ಲ. ಮಗ ದಿವಾಳಿಯಾದ. 1650ರ ಹೊತ್ತಿಗೆ ಉಳಿದದ್ದು ದೊಡ್ಡ ಕಂಪನಿಯಲ್ಲಿ ಸೇರಿಹೋಯ್ತು. ಎರಡು ಹಡಗು ಮುಳುಗಿದ್ರೆ ಡಚ್ ಕಂಪನಿ ತಡ್ಕೊಳ್ತಿತ್ತು. ಇವರಿಗೆ ಆ ಶಕ್ತಿ ಇರಲಿಲ್ಲ.

ಈ ಕತೆಯ ಸಾರ ಒಂದೇ ಮಾತಲ್ಲಿ ಹೇಳ್ತೀನಿ, ಕೊನೇ ತನಕ ನೆನಪಿಡಿ. ಸರಕಿನ ಬೆಲೆ ಇಡೀ ಜಗತ್ತಿನದು. ಹಡಗು ಮಾತ್ರ ಕಂಪನಿಯದು. ಷೇರು ಕೊಂಡವರು ಕೊಂಡಿದ್ದು ಹಡಗನ್ನ.

ಬೋರ್‌ವೆಲ್ ಲೆಕ್ಕ

ಹಡಗಿನ ಜಾಗದಲ್ಲಿ ಈಗ ಬಾವಿ ಅಂತ ಇಟ್ಕೊಳ್ಳಿ. ತೈಲ ಹುಡುಕೋ ಕಂಪನಿ ಏನು ಮಾಡುತ್ತೆ ಅಂತ ತಿಳಿಯೋಕೆ ಬೋರ್‌ವೆಲ್ ತೆಗೆಸಿದ ಯಾರನ್ನಾದ್ರೂ ಕೇಳಿ. ಮೊದಲು ಪಾಯಿಂಟ್ ನೋಡೋರು ಬರ್ತಾರೆ, 'ಇಲ್ಲಿ ನೀರಿದೆ' ಅಂತ ಗುರುತು ಹಾಕ್ತಾರೆ. ಆಮೇಲೆ ಲಾರಿ ಬರುತ್ತೆ. ಅಡಿಗೆ ಇಷ್ಟು ಅಂತ ರೇಟು. ನೀರು ಬಂದ್ರೂ ಅದೇ ರೇಟು, ಬರೀ ಧೂಳು ಬಂದ್ರೂ ಅದೇ ರೇಟು. ಫೇಲ್ ಆಯ್ತು ಅಂತ ಲಾರಿಯವನು ದುಡ್ಡು ವಾಪಸ್ ಕೊಡಲ್ಲ.

ತೈಲದಲ್ಲೂ ಇಷ್ಟೇ. ಭೂಕಂಪನ ಸಮೀಕ್ಷೆ ಮಾಡಿ ಭೂಮಿಯೊಳಗಿನ ಪದರಗಳ ಚಿತ್ರ ತೆಗೀತಾರೆ. ಅದು ವಿಜ್ಞಾನವೇ, ಆದ್ರೂ ಬಾವಿ ಕೊರೆಯೋ ತನಕ ಅಂದಾಜು ಮಾತ್ರ. ಆಳ ಸಮುದ್ರದಲ್ಲಿ ಒಂದೇ ಒಂದು ಬಾವಿಗೆ ನೂರಾರು ಕೋಟಿ ರೂಪಾಯಿ ಆಗುತ್ತೆ. ದೊಡ್ಡ ಕಂಪನಿಗೆ ಹತ್ತು ಬಾವಿ ಒಣಗಿದ್ರೂ ಹನ್ನೊಂದನೇದಕ್ಕೆ ದುಡ್ಡು ಇರುತ್ತೆ. ಸಣ್ಣ ಕಂಪನಿ ಒಂದೆರಡು ಬಾವಿ ಮೇಲೆ ನಿಂತಿರುತ್ತೆ. ಕೊರೆಯೋ ದುಡ್ಡು ತೈಲ ಮಾರಿ ಬಂದಿದ್ದಲ್ಲ, ಷೇರು ಮಾರಿ ಬಂದಿದ್ದು.

ಇಲ್ಲೇ ಒಂದು ಹೊಸ ವಿಷಯ ನಾವು ಕಲೀಬೇಕು. ನಮ್ಮ ಮೂರು ತಾಲ್ಲೂಕಿನಲ್ಲಿ 'ಷೇರು' ಅಂದ್ರೆ ಅಜ್ಜನ ಕಾಲದಿಂದ ಸೊಸೈಟಿ ಷೇರು. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಶುರು ಮಾಡಿದ್ರು. 1923ರಲ್ಲಿ ಶಿರಸಿಯ ತೋಟಗಾರ್ಸ್ ಸೊಸೈಟಿ, ಅಂದ್ರೆ ಟಿಎಸ್‌ಎಸ್ ಬಂತು. ಸೊಸೈಟಿಯಲ್ಲಿ ನೂರು ಷೇರು ಇದ್ದವನಿಗೂ ಒಂದೇ ವೋಟು, ಒಂದು ಷೇರು ಇದ್ದವನಿಗೂ ಒಂದೇ ವೋಟು. ಅದರ ಬೆಲೆ ದಿನಾ ಏರಿಳಿಯಲ್ಲ. ಯುದ್ಧ ಆದ್ರೂ ಷೇರಿನ ಮುಖಬೆಲೆ ಅಷ್ಟೇ.

ಷೇರುಪೇಟೆಯ ಷೇರಿಗೆ ಈ ಗುಣ ಇಲ್ಲ. ಕಂಪನಿಗೆ ದುಡ್ಡು ಬೇಕಾದಾಗ ಅದು ಹೊಸ ಷೇರು ಹೊರಡಿಸಬಹುದು. ಒಟ್ಟು ಒಂದು ಕೋಟಿ ಷೇರಿನಲ್ಲಿ ನಿಮ್ಮದು ಒಂದು ಲಕ್ಷ ಇದ್ರೆ ಶೇ 1 ಪಾಲು. ಬಾವಿ ಕೊರೆಯೋಕೆ ಇನ್ನೊಂದು ಕೋಟಿ ಷೇರು ಬೇರೆಯವರಿಗೆ ಮಾರಿದ್ರೆ ನಿಮ್ಮ ಪಾಲು ಅರ್ಧಕ್ಕೆ ಇಳೀತು. ನಮ್ಮ ಕಡೆಯ ಮಾತಲ್ಲಿ ಹೇಳೋದಾದ್ರೆ, ತೋಟ ಇದ್ದಷ್ಟೇ ಇದೆ, ಹಿಸೆ ಹೆಚ್ಚಾಯ್ತು. ನಾಳೆ ತೈಲ ಸಿಕ್ಕಿದ್ರೂ ಹಂಚಿಕೊಳ್ಳೋ ಕೈಗಳು ಜಾಸ್ತಿ.

ತೈಲ ಸಿಕ್ಕಿದ್ರೂ ಪೂರ್ತಿ ದಕ್ಕದೆ ಹೋದ ಡಾರ್ಸಿ

ತೈಲ ಹುಡುಕಾಟದ ಪ್ರಸಿದ್ಧ ಕತೆ ಇರಾನಿನದು. ವಿಲಿಯಂ ನಾಕ್ಸ್ ಡಾರ್ಸಿ ಆಸ್ಟ್ರೇಲಿಯಾದ ಮೌಂಟ್ ಮಾರ್ಗನ್ ಚಿನ್ನದ ಗಣಿಯಲ್ಲಿ ಸಿರಿವಂತನಾದವನು. 1901ರಲ್ಲಿ ಪರ್ಷಿಯಾದ ದೊರೆಯಿಂದ 60 ವರ್ಷಕ್ಕೆ ತೈಲ ಹುಡುಕೋ ಹಕ್ಕು ಪಡೆದ. ಮೂರ್ನಾಲ್ಕು ವರ್ಷ ಕೊರೆಸಿದ, ದುಡ್ಡು ಕರಗಿತು, ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಬೆಳೆಯಿತು. 1905ರಲ್ಲಿ ಬರ್ಮಾ ಆಯಿಲ್ ಕಂಪನಿ ದುಡ್ಡು ಹಾಕೋಕೆ ಮುಂದೆ ಬಂತು. ಇದೇ ಬರ್ಮಾ ಆಯಿಲ್ ಮುಂದೆ ಅಸ್ಸಾಮಿನ ದಿಗ್ಬೊಯಿ ತೈಲವನ್ನೂ ತನ್ನ ಕೈಗೆ ತಗೊಳ್ತು.

ಬರ್ಮಾ ಆಯಿಲ್‌ಗೂ ಒಂದು ಹಂತದಲ್ಲಿ ಸಾಕಾಗಿಹೋಯ್ತು. ಕೆಲಸ ನಿಲ್ಲಿಸೋ ಸೂಚನೆಯ ಪತ್ರ ದಾರಿಯಲ್ಲಿ ಇದ್ದಾಗಲೇ, 1908ರ ಮೇ 26ರ ಬೆಳಗಿನ ಜಾವ ಮಸ್ಜಿದ್ ಸುಲೈಮಾನ್‌ನಲ್ಲಿ ತೈಲ ಚಿಮ್ಮಿತು. 1909ರಲ್ಲಿ ಆಂಗ್ಲೋ ಪರ್ಷಿಯನ್ ಆಯಿಲ್ ಕಂಪನಿ ಹುಟ್ಟಿತು, ಷೇರಿಗೆ ಜನ ಮುಗಿಬಿದ್ರು. ಅದೇ ಇವತ್ತಿನ ಬಿಪಿ.

ಸಿನಿಮಾ ಮಾಡೋ ಹಾಗಿದೆ ಅಲ್ವಾ? ಆದ್ರೆ ಗಮನಿಸಿ. ಹುಡುಕಾಟ ಶುರು ಮಾಡಿದವನು ಡಾರ್ಸಿ. ತೈಲ ಸಿಗೋ ಹೊತ್ತಿಗೆ ಯಜಮಾನಿಕೆ ಬೇರೆಯವರದು. ಅವನಿಗೆ ಒಳ್ಳೇ ಹಣವೇ ಸಿಕ್ಕಿತು, ಆದ್ರೆ ತನ್ನದೇ ದುಡ್ಡು ಮುಗಿದಿದ್ದರಿಂದ ಪಾಲಿನ ದೊಡ್ಡ ಭಾಗ ಬಿಟ್ಟುಕೊಡಬೇಕಾಯ್ತು. ಭೂಮಿಯೊಳಗೆ ತೈಲ ಇರೋದು ಒಂದು ಪ್ರಶ್ನೆ. ಅದು ಸಿಗೋ ತನಕ ನಿಮ್ಮ ದುಡ್ಡು ಉಳಿಯುತ್ತಾ ಅನ್ನೋದು ಇನ್ನೊಂದು ಪ್ರಶ್ನೆ.

ಕೆಜಿಎಫ್ ಷೇರು ಪೆನ್ಸಿಗೆ ಬಿದ್ದಾಗ

ಕರ್ನಾಟಕದಲ್ಲಿ ತೈಲ ಇಲ್ಲ, ಆದ್ರೆ ಹುಡುಕೋ ಕಂಪನಿಯ ಷೇರಿನ ಇತಿಹಾಸ ಜೋರಾಗಿಯೇ ಇದೆ. ಕೆಜಿಎಫ್ ಅಂದ ತಕ್ಷಣ ಯಶ್ ನೆನಪಾದ್ರೆ ತಪ್ಪೇನಿಲ್ಲ. ನಾನು ಹೇಳ್ತಿರೋದು ಅದಕ್ಕಿಂತ ನೂರು ವರ್ಷ ಹಿಂದಿನ ಮಾತು.

1870ರ ದಶಕದಲ್ಲಿ ನಿವೃತ್ತ ಸೈನಿಕ ಮೈಕಲ್ ಲಾವೆಲ್ ಕೋಲಾರದಲ್ಲಿ ಚಿನ್ನ ಹುಡುಕೋ ಹಕ್ಕು ಪಡೆದ. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರಲ್ಲೇ ಇರೋದು. ದುಡ್ಡು ಸಾಲದೆ ಹಕ್ಕನ್ನ ಬೇರೆಯವರಿಗೆ ಮಾರಿದ. ಅದೇ ಹೊತ್ತಿಗೆ ವಯನಾಡು ಕಡೆ ಚಿನ್ನ ಇದೆ ಅನ್ನೋ ಸುದ್ದಿ ಲಂಡನ್ನಿಗೆ ಮುಟ್ಟಿತು. 1880ರ ಆಸುಪಾಸಿನಲ್ಲಿ ಡಜನ್‌ಗಟ್ಟಲೆ ಕಂಪನಿಗಳು ಷೇರು ಮಾರಿದವು. ಯಂತ್ರ ಬಂತು, ಮ್ಯಾನೇಜರ್‌ಗಳು ಬಂದ್ರು, ಬಂಗಲೆಗಳು ಎದ್ದವು. ಚಿನ್ನ ಮಾತ್ರ ಖರ್ಚಿಗೆ ಸಾಲುವಷ್ಟು ಬರಲಿಲ್ಲ. ಕೆಲವೇ ವರ್ಷಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಮುಚ್ಚಿದವು.

ಕೋಲಾರದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಗತಿಯೂ ಹಾಗೇ ಆಗೋದಿತ್ತು. ಒಂದು ಪೌಂಡಿನ ಷೇರು ಕೆಲವು ಪೆನ್ಸಿಗೆ ಇಳೀತು. ಬಾಗಿಲು ಹಾಕಿ ಉಳಿದ ದುಡ್ಡು ಹಂಚಿಕೊಳ್ಳೋಣ ಅನ್ನೋ ಮಾತೂ ಬಂತು. ಜಾನ್ ಟೇಲರ್ ಸಂಸ್ಥೆಯವರು ಇನ್ನೊಂದು ಸಲ ನೋಡೋಣ ಅಂದ್ರು. ಕ್ಯಾಪ್ಟನ್ ಪ್ಲಮ್ಮರ್ ಹಳೇ ಗುಂಡಿಗಳ ಜಾಡು ಹಿಡಿದು ಆಳಕ್ಕೆ ಹೋದ. 1885ರಲ್ಲಿ ಚಾಂಪಿಯನ್ ರೀಫ್ ಸಿಕ್ಕಿತು. ಆಮೇಲೆ ನೂರಕ್ಕೂ ಹೆಚ್ಚು ವರ್ಷ, 2001ರವರೆಗೆ, ಅಲ್ಲಿಂದ ಚಿನ್ನ ಬಂತು.

ಕೋಲಾರದ ಕತೆ ಎಲ್ಲರಿಗೂ ಗೊತ್ತು. ವಯನಾಡಿನ ಕಂಪನಿಗಳ ಹೆಸರು ಒಂದಾದ್ರೂ ನೆನಪಿದೆಯಾ? ಟಿಪ್ ಕೊಡೋರು ಯಾವಾಗಲೂ ಕೋಲಾರದ ಕತೆ ಹೇಳ್ತಾರೆ. ಮುಚ್ಚಿಹೋದ ಕಂಪನಿ ಬಗ್ಗೆ ರೀಲ್ ಮಾಡೋರು ಯಾರೂ ಇಲ್ಲ.

ಒಂದು ಮಂಗಳಾ, ಒಂದು ನಿಕೊ

ಈಗ ನಮ್ಮ ಕಾಲಕ್ಕೆ ಬರೋಣ. ಭಾರತದ ತೈಲದಲ್ಲೇ ಎರಡು ವಿದೇಶಿ ಸಣ್ಣ ಕಂಪನಿಗಳ ಕತೆ ಜೋಡಿಸಿ ಇಡ್ತೀನಿ.

ಮೊದಲನೇದು ಸ್ಕಾಟ್ಲೆಂಡಿನ ಕೆಯರ್ನ್ ಎನರ್ಜಿ. ಅದನ್ನ ಕಟ್ಟಿದ ಬಿಲ್ ಗ್ಯಾಮೆಲ್ ಒಂದು ಕಾಲದ ರಗ್ಬಿ ಆಟಗಾರ. ರಾಜಸ್ಥಾನದ ಬಾಡ್‌ಮೇರ್‌ನಲ್ಲಿ ದೈತ್ಯ ಕಂಪನಿ ಶೆಲ್ ಜೊತೆ ಸೇರಿ ಹುಡುಕ್ತಿದ್ರು. ಶೆಲ್‌ಗೆ ಆಸಕ್ತಿ ಹೋಯ್ತು. 2002ರಲ್ಲಿ ತನ್ನ ಪಾಲನ್ನ ಕೆಯರ್ನ್‌ಗೆ ಬರೀ 72.5 ಲಕ್ಷ ಡಾಲರಿಗೆ ಮಾರಿ ಹೊರಟಿತು. 2004ರ ಜನವರಿಯಲ್ಲಿ ಅಲ್ಲೇ ಮಂಗಳಾ ತೈಲಕ್ಷೇತ್ರ ಸಿಕ್ಕಿತು. ಎರಡು ದಶಕದಲ್ಲಿ ಭಾರತದ ನೆಲದ ಮೇಲೆ ಸಿಕ್ಕ ಅತಿ ದೊಡ್ಡ ನಿಕ್ಷೇಪ. ಕೆಯರ್ನ್ ಅದೇ ವರ್ಷ ಲಂಡನ್ನಿನ ಅಗ್ರ 100 ಕಂಪನಿಗಳ ಸೂಚ್ಯಂಕ ಸೇರಿತು. ಹಳೇ ಷೇರುದಾರರಿಗೆ ಹಬ್ಬ.

ಆದ್ರೆ ಮೊದಲ ತೈಲ ಹೊರಗೆ ಬಂದಿದ್ದು 2009ರ ಆಗಸ್ಟ್‌ನಲ್ಲಿ. ಸಿಕ್ಕ ಮೇಲೆ ಐದೂವರೆ ವರ್ಷ! ಅಲ್ಲಿನ ತೈಲ ಮೇಣದ ಥರ, ಸಾಮಾನ್ಯ ಉಷ್ಣಾಂಶದಲ್ಲಿ ಗಟ್ಟಿಯಾಗುತ್ತೆ. ಗುಜರಾತಿನವರೆಗೆ ಸುಮಾರು 670 ಕಿಲೋಮೀಟರ್ ಉದ್ದದ, ದಾರಿಯುದ್ದಕ್ಕೂ ಬಿಸಿ ಮಾಡೋ ಪೈಪ್‌ಲೈನ್ ಹಾಕಬೇಕಾಯ್ತು. ಈ ನಡುವೆ ಕೆಯರ್ನ್ ಇಂಡಿಯಾ ಷೇರು 160 ರೂಪಾಯಿಗೆ ಸಾರ್ವಜನಿಕರಿಗೆ ಬಂತು. 2007ರ ಜನವರಿ 9ರಂದು ಪೇಟೆಯಲ್ಲಿ ಅದು ಅದಕ್ಕಿಂತ ಕಡಿಮೆ ಬೆಲೆಗೇ ವಹಿವಾಟಾಯ್ತು. ಒಳ್ಳೇ ಬಾವಿ ಇದ್ದೂ, ಎಲ್ಲರಿಗೂ ಗೊತ್ತಾದ ಮೇಲೆ ಕೊಂಡವರು ಕಾಯಬೇಕಾಯ್ತು.

ಕೆಯರ್ನ್ ಎನರ್ಜಿಗೆ ತೆರಿಗೆ ಕಾಟವೂ ಬಂತು. 2012ರಲ್ಲಿ ಆದಾಯ ತೆರಿಗೆ ಕಾನೂನಿಗೆ ಹಿಂದಿನ ದಿನಾಂಕದಿಂದ ಅನ್ವಯ ಆಗೋ ತಿದ್ದುಪಡಿ ಬಂತು. ಅದರ ಮೇಲೆ 10,247 ಕೋಟಿ ರೂಪಾಯಿ ಬೇಡಿಕೆ ಬಂತು. ಅಂತರರಾಷ್ಟ್ರೀಯ ಪಂಚಾಯ್ತಿಯಲ್ಲಿ 2020ರ ಡಿಸೆಂಬರ್‌ನಲ್ಲಿ ಕಂಪನಿ ಗೆದ್ದಿತು. 2021ರಲ್ಲಿ ಸರ್ಕಾರ ಆ ಕಾನೂನನ್ನೇ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ವರ್ಷಗಳೇ ಕಳೆದಿದ್ದವು.

ಎರಡನೇದು ಕೆನಡಾದ ನಿಕೊ ರಿಸೋರ್ಸಸ್. ಆಂಧ್ರ ಕರಾವಳಿಯಾಚೆ ಕೃಷ್ಣಾ ಗೋದಾವರಿ ಜಲಾನಯನದ ಡಿ6 ಬ್ಲಾಕ್‌ನಲ್ಲಿ ರಿಲಯನ್ಸ್ ಜೊತೆ ಇದಕ್ಕೆ ಶೇ 10 ಪಾಲು ಇತ್ತು. 2002ರಲ್ಲಿ ಅಲ್ಲಿ ಭಾರೀ ಅನಿಲ ಸಿಕ್ಕಿತು, 2009ರ ಏಪ್ರಿಲ್‌ನಲ್ಲಿ ಉತ್ಪಾದನೆ ಶುರು. ನಿಕೊ ಷೇರು ಒಂದು ಕಾಲಕ್ಕೆ 100 ಕೆನಡಾ ಡಾಲರ್ ದಾಟಿತ್ತು. ದಿನಕ್ಕೆ 8 ಕೋಟಿ ಘನ ಮೀಟರ್ ಅನಿಲ ತೆಗೆಯೋ ಯೋಜನೆ. 2010ರಲ್ಲಿ 6 ಕೋಟಿ ಮುಟ್ಟಿದ್ದೇ ಇಳಿಯೋಕೆ ಶುರುವಾಯ್ತು. ಅಂದುಕೊಂಡಷ್ಟು ಅನಿಲ ಬಾವಿಗಳಿಂದ ಬರಲಿಲ್ಲ. ನಿಕ್ಷೇಪದ ಅಂದಾಜು ಕಡಿತವಾಯ್ತು. 2014ರ ಹೊತ್ತಿಗೆ ಉತ್ಪಾದನೆ ಎರಡು ಕೋಟಿಗೂ ಕೆಳಗೆ. ನಿಕೊ ಷೇರು ಕೊನೆಗೆ ಒಂದು ಡಾಲರಿಗೂ ಕೆಳಗೆ ಹೋಯ್ತು.

ಈಗ ಮುಖ್ಯವಾದ ಮಾತು ಕೇಳಿ. 2011, 2012, 2013, ಈ ಮೂರೂ ವರ್ಷ ಜಗತ್ತಿನಲ್ಲಿ ಬ್ರೆಂಟ್ ತೈಲದ ಸರಾಸರಿ ಬೆಲೆ ಬ್ಯಾರೆಲ್‌ಗೆ 100 ಡಾಲರಿಗಿಂತ ಮೇಲಿತ್ತು. ಲಿಬಿಯಾದಲ್ಲಿ ಯುದ್ಧ, ಇರಾನ್ ಮೇಲೆ ನಿರ್ಬಂಧ, ಅರಬ್ ದೇಶಗಳಲ್ಲಿ ದಂಗೆ. ಟಿಪ್‌ನ ತರ್ಕ ನಿಜವಾಗಿದ್ರೆ ನಿಕೊ ಷೇರು ಆಕಾಶದಲ್ಲಿ ಇರಬೇಕಿತ್ತು. ಆ ವರ್ಷಗಳಲ್ಲೇ ಅದು ಪಾತಾಳದ ಕಡೆ ಜಾರ್ತಿತ್ತು. ಒಂದು, ಬಾವಿ ಕೈಕೊಟ್ಟಿತು. ಎರಡು, ಡಿ6 ಅನಿಲದ ದರ ಸರ್ಕಾರ ಒಪ್ಪಿದ ಸೂತ್ರದ ಪ್ರಕಾರ 4.2 ಡಾಲರಿಗೆ ನಿಗದಿಯಾಗಿತ್ತು. ಹೊರಗೆ ಬೆಲೆ ಎಷ್ಟೇ ಏರಲಿ, ಇವರ ಬಿಲ್ಲಿನಲ್ಲಿ ಅದೇ 4.2.

ನಮ್ಮದೇ ದೇಶದ ಸಣ್ಣ ಕಂಪನಿ

ವಿದೇಶಿ ಕತೆ ಬೇಡ ಅಂದ್ರೆ ಮುಂಬೈ ಷೇರುಪೇಟೆಯಲ್ಲೇ ಇರೋ ಹಿಂದೂಸ್ತಾನ್ ಆಯಿಲ್ ಎಕ್ಸ್‌ಪ್ಲೊರೇಷನ್ ಕಂಪನಿ ನೋಡಿ. 1983ರಲ್ಲಿ ಶುರುವಾದದ್ದು. ಇದರ ಹಿಂದೆ ಇದ್ದವರು ಎಚ್‌ಡಿಎಫ್‌ಸಿ ಕಟ್ಟಿದ ಎಚ್.ಟಿ. ಪಾರೇಖ್. ತೈಲ ಹುಡುಕಾಟಕ್ಕೆ ಇಳಿದ ಸ್ವತಂತ್ರ ಭಾರತದ ಮೊದಲ ಖಾಸಗಿ ಕಂಪನಿ ಅಂತ ಇದನ್ನ ಗುರುತಿಸ್ತಾರೆ.

ತಮಿಳುನಾಡಿನ ಕಡಲಾಚೆ ಪಿವೈ1 ಅನಿಲ ಕ್ಷೇತ್ರ 2009ರಲ್ಲಿ ಉತ್ಪಾದನೆ ಶುರು ಮಾಡಿತು. ನಿರೀಕ್ಷೆ ದೊಡ್ಡದಿತ್ತು. ಅಂದಾಜಿಗಿಂತ ಬೇಗ ಅದು ಕುಸೀತು. ದೊಡ್ಡ ಪಾಲು ಹೊಂದಿದ್ದ ಇಟಲಿಯ ಎನಿ ಕಂಪನಿ ಕೊನೆಗೆ ಹೊರನಡೀತು. 2015ರಲ್ಲಿ ಹೊಸ ಆಡಳಿತ ಬಂದು, 2017ರಲ್ಲಿ ಅಸ್ಸಾಮಿನ ಡಿರೋಕ್ ಕ್ಷೇತ್ರದಿಂದ ಅನಿಲ ಬಂದ ಮೇಲೆ ಕಂಪನಿ ಚೇತರಿಸಿಕೊಳ್ತು.

ಈ ಕಂಪನಿ ಕೆಟ್ಟದ್ದು ಅಂತಾಗಲಿ, ಒಳ್ಳೇದು ಅಂತಾಗಲಿ ನಾನು ಹೇಳ್ತಿಲ್ಲ. ಅದರ ಏರಿಳಿತದ ಇಸವಿಗಳನ್ನ ಜಾಗತಿಕ ತೈಲ ಬೆಲೆಯ ಪಕ್ಕ ಇಟ್ಟು ನೋಡಿ ಅಂತ ಅಷ್ಟೇ. ತೈಲ 100 ಡಾಲರ್ ಮೇಲಿದ್ದಾಗ ಅದು ನರಳ್ತಿತ್ತು. 2017ರಲ್ಲಿ ತೈಲ 50 ಡಾಲರ್ ಆಸುಪಾಸಿನಲ್ಲಿ ಇದ್ದಾಗ ಎದ್ದು ನಿಂತಿತು. ಎರಡೂ ಸಲ ನಿರ್ಧಾರ ಮಾಡಿದ್ದು ಬಾವಿ.

ಯುದ್ಧದ ಬೆಲೆ ಎಷ್ಟು ದಿನ?

ಸರಿ, ಬಾವಿ ಚೆನ್ನಾಗಿದೆ ಅಂತಲೇ ಇಟ್ಕೊಳ್ಳೋಣ. ಯುದ್ಧದಿಂದ ಏರಿದ ಬೆಲೆ ನಿಲ್ಲುತ್ತಾ?

1973ರ ಅರಬ್–ಇಸ್ರೇಲ್ ಯುದ್ಧದ ಮೇಲೆ ಏರಿದ ಬೆಲೆ ನಿಂತಿತು. ಸುಮಾರು 3 ಡಾಲರ್ ಇದ್ದದ್ದು ಕೆಲವೇ ತಿಂಗಳಲ್ಲಿ 12ರ ಹತ್ತಿರ ಹೋಯ್ತು, ಇಳೀಲಿಲ್ಲ. ಹಳೇ ತಲೆಮಾರಿನ ತಲೆಯಲ್ಲಿ ಕೂತಿರೋದು ಅದೇ ಚಿತ್ರ. ಆಮೇಲಿನ ಅನುಭವ ಬೇರೆ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತ್‌ಗೆ ನುಗ್ಗಿದಾಗ ಬೆಲೆ 40 ಡಾಲರ್ ದಾಟಿತು. 1991ರ ಜನವರಿ 17ರಂದು ಅಮೆರಿಕ ಬಾಂಬ್ ಹಾಕೋಕೆ ಶುರು ಮಾಡಿತು. ಅವತ್ತು ಒಂದೇ ದಿನ ಬೆಲೆ ಸುಮಾರು ಮೂರರಲ್ಲಿ ಒಂದು ಭಾಗ ಬಿತ್ತು. 2008ರ ಜುಲೈನಲ್ಲಿ 147 ಡಾಲರ್, ಡಿಸೆಂಬರ್‌ನಲ್ಲಿ 40ಕ್ಕಿಂತ ಕಡಿಮೆ. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ 12 ದಿನ ಬಡಿದಾಡಿದ್ವು. ಮೊದಲ ದಿನ ಬೆಲೆ ಜಿಗಿಯಿತು, ಕದನವಿರಾಮದ ಹೊತ್ತಿಗೆ ಯುದ್ಧಕ್ಕೆ ಮುಂಚೆ ಇದ್ದದ್ದಕ್ಕಿಂತ ಕೆಳಗೆ ಬಂದಿತ್ತು.

ಬೆಲೆ ಶೂನ್ಯಕ್ಕಿಂತ ಕೆಳಗೂ ಹೋಗಬಹುದು ಅಂತ 2020ರ ಏಪ್ರಿಲ್ 20 ತೋರಿಸಿತು. ಕೋವಿಡ್ ಲಾಕ್‌ಡೌನ್, ತೈಲ ಇಡೋಕೆ ಜಾಗ ಇಲ್ಲ. ಅಮೆರಿಕದ ತೈಲದ ಮೇ ತಿಂಗಳ ವಾಯಿದೆ ಮೈನಸ್ 37.63 ಡಾಲರಿಗೆ ಮುಗೀತು. ಅದೇ ಲೆಕ್ಕದಲ್ಲಿ ನಮ್ಮ ಎಂಸಿಎಕ್ಸ್‌ನಲ್ಲಿ ಮೈನಸ್ 2,884 ರೂಪಾಯಿಗೆ ಲೆಕ್ಕ ಚುಕ್ತಾ ಆಯ್ತು. ಅಗ್ಗಕ್ಕೆ ಸಿಕ್ಕಿತು ಅಂತ ಹಿಂದಿನ ದಿನಗಳಲ್ಲಿ ಕೊಂಡವರಿಗೆ, ಕೊಟ್ಟಿದ್ದೂ ಹೋಗಿ ಮೇಲಿಂದ ಕಟ್ಟಬೇಕಾಯ್ತು.

ಬೆಲೆ ಏರಿ ನಿಂತರೂ ಆ ಲಾಭಕ್ಕೆ ಕೈ ಹಾಕೋರು ಇರ್ತಾರೆ. ಉಕ್ರೇನ್ ಯುದ್ಧದ ನಂತರ, 2022ರ ಜುಲೈ 1ರಂದು ಕೇಂದ್ರ ಸರ್ಕಾರ ದೇಶದೊಳಗೆ ತೆಗೆಯೋ ಕಚ್ಚಾತೈಲದ ಮೇಲೆ ಟನ್ನಿಗೆ 23,250 ರೂಪಾಯಿ ವಿಶೇಷ ಸುಂಕ ಹಾಕಿತು. ಒಎನ್‌ಜಿಸಿ ಷೇರು ಅವತ್ತೇ ಶೇ 10ಕ್ಕೂ ಹೆಚ್ಚು ಬಿತ್ತು. ವರ್ಷಕ್ಕೆ 20 ಲಕ್ಷ ಬ್ಯಾರೆಲ್‌ಗಿಂತ ಕಡಿಮೆ ತೆಗೆಯೋ ಸಣ್ಣವರಿಗೆ ವಿನಾಯಿತಿ ಇತ್ತು ಅನ್ನೋದು ನಿಜ. ಸುಂಕ 2024ರ ಡಿಸೆಂಬರ್‌ನಲ್ಲಿ ಹೋಯ್ತು ಅನ್ನೋದೂ ನಿಜ. ಆದ್ರೆ ಒಂದು ಅಧಿಸೂಚನೆಯಲ್ಲಿ ಲೆಕ್ಕ ತಲೆಕೆಳಗಾಗುತ್ತೆ ಅನ್ನೋದು ಅವತ್ತು ಎಲ್ಲರಿಗೂ ಗೊತ್ತಾಯ್ತು.

ದರ ಏರಿದೆ, ತೋಟದಲ್ಲಿ ಕೊಳೆ ಬಂದಿದೆ

ಇಷ್ಟೆಲ್ಲ ಹೇಳೋಕೆ ಪರ್ಷಿಯಾ, ಕೆನಡಾ ಸುತ್ತಿ ಬಂದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಗಾರರಿಗೆ ಇದು ಹೊಸ ಪಾಠವೇ ಅಲ್ಲ. ರಾಶಿ ಅಡಿಕೆಗೆ, ಚಾಲಿಗೆ ದರ ಏರಿದೆ ಅಂತ ಪೇಪರಿನಲ್ಲಿ ಬಂದ್ರೆ ಅವರು ಮೊದಲು ನೋಡೋದು ತಮ್ಮ ತೋಟ. ಮಳೆ ಹಿಡಿದು ಬಿಡದೆ ಹೊಯ್ದು, ಬೋರ್ಡೋ ಹೊಡೆಯೋಕೆ ಆಗದೆ ಕೊಳೆ ಬಂದಿದ್ರೆ, ಟೆಂಡರ್‌ನಲ್ಲಿ ಕ್ವಿಂಟಲ್‌ಗೆ ಎಷ್ಟೇ ಏರಲಿ, ಮಾರೋಕೆ ಅಡಿಕೆ ಎಲ್ಲಿದೆ? ಉಲ್ಟಾ, ತುಂಬ ಕಡೆ ಕೊಳೆ ಬಂದಿದ್ದಕ್ಕೇ ದರ ಏರಿರುತ್ತೆ. ದರದ ಸುದ್ದಿ ಓದಿ ಕಣ್ಣುಮುಚ್ಚಿ ಇನ್ನೊಬ್ಬರ ತೋಟ ಕೊಳ್ಳೋ ಬೆಳೆಗಾರ ನಮ್ಮ ಸೀಮೆಯಲ್ಲಿ ಇಲ್ಲ. ಗಡಿ ನೋಡ್ತಾರೆ, ನೀರು ನೋಡ್ತಾರೆ, ಮರ ಎಣಿಸ್ತಾರೆ, ಸಾಲದ ಕಾಗದ ಕೇಳ್ತಾರೆ.

ಅದೇ ಮನೆಯ ಮಕ್ಕಳು ಫೋನಲ್ಲಿ ಷೇರು ಕೊಳ್ಳೋವಾಗ ಆ ಎಚ್ಚರ ಎಲ್ಲಿ ಹೋಗುತ್ತೆ ಅನ್ನೋದೇ ನನ್ನ ಪ್ರಶ್ನೆ. ತೈಲ ಹುಡುಕೋ ಸಣ್ಣ ಕಂಪನಿಯನ್ನೂ ತೋಟ ನೋಡೋ ಕಣ್ಣಿಂದಲೇ ನೋಡಬಹುದು. ಷೇರುಪೇಟೆಯ ವೆಬ್‌ಸೈಟ್‌ನಲ್ಲಿ ಕಂಪನಿಯ ವಾರ್ಷಿಕ ವರದಿ ಪುಕ್ಕಟೆ ಸಿಗುತ್ತೆ. ಅದರಲ್ಲಿ ಐದು ವಿಷಯ ಹುಡುಕಿ. ಬಾವಿ ಎಷ್ಟು, ಅದರಲ್ಲಿ ಈಗ ನಿಜವಾಗಿ ಉತ್ಪಾದನೆ ಕೊಡ್ತಿರೋದು ಎಷ್ಟು. ನಿಕ್ಷೇಪದಲ್ಲಿ 'ಸಾಬೀತಾದದ್ದು' ಎಷ್ಟು, 'ಇರಬಹುದು' ಅನ್ನೋದು ಎಷ್ಟು. ಕೈಯಲ್ಲಿರೋ ದುಡ್ಡು ಮುಂದಿನ ಬಾವಿಗೆ ಸಾಲುತ್ತಾ, ಇಲ್ಲಾ ಮತ್ತೆ ಷೇರು ಮಾರಬೇಕಾ. ಐದು ವರ್ಷದಲ್ಲಿ ಒಟ್ಟು ಷೇರುಗಳ ಸಂಖ್ಯೆ ಎಷ್ಟು ಹೆಚ್ಚಾಗಿದೆ. ಕೊನೇದು, ಅದರ ತೈಲ ಅಥವಾ ಅನಿಲಕ್ಕೆ ದರ ಕಟ್ಟೋದು ಪೇಟೆಯಾ, ಸರ್ಕಾರವಾ.

ಈ ಐದಕ್ಕೆ ಉತ್ತರ ಹುಡುಕೋಕೆ ಒಂದು ಸಂಜೆ ಬೇಕು. ಟಿಪ್ ಕಳಿಸಿದವನು 'ಈಗಲೇ, ಬೆಳಿಗ್ಗೆಯೇ' ಅಂತ ಅವಸರ ಮಾಡೋದು ಆ ಒಂದು ಸಂಜೆ ನಿಮಗೆ ಸಿಗದಿರಲಿ ಅಂತಲೇ. ಸಣ್ಣ ಷೇರಿನಲ್ಲಿ ಕೆಲವೇ ಜನ ಕೊಂಡರೂ ಬೆಲೆ ಅಪ್ಪರ್ ಸರ್ಕ್ಯೂಟ್ ಹೊಡೆಯುತ್ತೆ. ಮೊದಲೇ ಕೊಂಡಿಟ್ಟವರು ನಿಮಗೇ ಮಾರಿ ಹೊರಡ್ತಾರೆ. ಆಮೇಲೆ ಲೋವರ್ ಸರ್ಕ್ಯೂಟ್. ನೀವು ಮಾರೋಣ ಅಂದ್ರೆ ಕೊಳ್ಳೋಕೆ ಆಚೆ ಕಡೆ ಯಾರೂ ಇರಲ್ಲ. ಸೆಬಿ ಇಂಥ ಟಿಪ್‌ಗಳ ಬಗ್ಗೆ ಮತ್ತೆ ಮತ್ತೆ ಎಚ್ಚರಿಸ್ತಾನೇ ಬಂದಿದೆ.

ಇಂಥ ಷೇರು ಮುಟ್ಟಲೇಬೇಡಿ ಅಂತ ನಾನು ಹೇಳಲ್ಲ. ಯಾರೋ ಒಬ್ಬರು ದುಡ್ಡು ಹಾಕದಿದ್ರೆ ಕೋಲಾರವೂ ಇರ್ತಿರಲಿಲ್ಲ, ಮಂಗಳಾವೂ ಇರ್ತಿರಲಿಲ್ಲ. ಶೇ 85ಕ್ಕೂ ಹೆಚ್ಚು ಕಚ್ಚಾತೈಲ ಆಮದು ಮಾಡೋ ದೇಶಕ್ಕೆ ಹುಡುಕೋರು ಬೇಕೇ ಬೇಕು. ಆದ್ರೆ ಹಾಕೋ ದುಡ್ಡು ಬೋರ್‌ವೆಲ್ ದುಡ್ಡಿನ ಥರ ಇರಲಿ, ಫೇಲ್ ಆದ್ರೂ ಮನೆ ನಡೀಬೇಕು. ಕೊಯ್ಲಿನ ದುಡ್ಡು, ತಂಗಿಯ ಫೀಸಿನ ದುಡ್ಡು, ಸೊಸೈಟಿ ಸಾಲದ ದುಡ್ಡು ಅಲ್ಲಿಗೆ ಹೋಗೋದು ಬೇಡ.

ಯುದ್ಧದ ಸುದ್ದಿ ಎಲ್ಲರ ಫೋನಿಗೂ ಒಂದೇ ನಿಮಿಷದಲ್ಲಿ ಬರುತ್ತೆ. ಬಾವಿಯಲ್ಲಿ ಏನಿದೆ ಅನ್ನೋದು ವಾರ್ಷಿಕ ವರದಿಯ ಎಷ್ಟನೆಯದೋ ಪುಟದಲ್ಲಿ ಇರುತ್ತೆ. ಆ ಪುಟ ಓದಿದವರು ಕಮ್ಮಿ. ಇವತ್ತು ಸಂಜೆ ನೀವು ಓದಿ.